ದತ್ತಿನಿಧಿ ಇಡುತ್ತೀರಾ? ಷರತ್ತು ಬರೆಯುವಾಗ ಹುಷಾರು

ಬಳ್ಳಾರಿಯಲ್ಲಿ ನಾನು ಓದಿದ ಎಂಜಿನಿಯರಿಂಗ್ ಕಾಲೇಜಿಗೆ ಎರಡು ವರ್ಷದ ಹಿಂದೆ ಹೋಗಿದ್ದೆ. ಅಕೌಂಟ್ಸ್ ವಿಭಾಗದವರು ಒಂದು ಹಸಿರು ಫೈಲು ತೆಗೆದು ತೋರಿಸಿದರು. ನಮ್ಮ ಸೀನಿಯರ್ ಒಬ್ಬರು ಇಟ್ಟ ದತ್ತಿನಿಧಿ. ಆರು ವರ್ಷದಿಂದ ಒಂದು ರೂಪಾಯಿಯೂ ಯಾರಿಗೂ ಹೋಗಿರಲಿಲ್ಲ. ದುಡ್ಡನ್ನು ಯಾರೂ ತಿಂದಿರಲಿಲ್ಲ, ಬಡ್ಡಿ ಸಮೇತ ಬ್ಯಾಂಕಿನಲ್ಲೇ ಇತ್ತು. ತೊಡಕಿದ್ದದ್ದು ಷರತ್ತಿನಲ್ಲಿ: ‘ನಮ್ಮ ತಾಲ್ಲೂಕಿನ, ಮೆಕ್ಯಾನಿಕಲ್ ಓದುವ, ಎಲ್ಲ ವಿಷಯ ಮೊದಲ ಸಲಕ್ಕೇ ಪಾಸಾಗಿ ಶೇ 85 ತೆಗೆದ, ಬೇರೆ ಯಾವ ವಿದ್ಯಾರ್ಥಿವೇತನವನ್ನೂ ಪಡೆಯದ ಬಡ ವಿದ್ಯಾರ್ಥಿನಿ’. ಅಂಥ ಹುಡುಗಿ ಆರು ವರ್ಷದಲ್ಲಿ ಒಬ್ಬಳೂ ಸಿಕ್ಕಿರಲಿಲ್ಲ.

ಓದಿದ ಕಾಲೇಜಿಗೆ ಏನಾದರೂ ಮಾಡಬೇಕು ಅಂತ ನಮ್ಮ ಕಡೆಯ ಎಷ್ಟೋ ಜನರಿಗೆ ಇದೆ. ಆ ಹಣ ಹೀಗೆ ಫೈಲಿನಲ್ಲಿ ಮಲಗಬಾರದು. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ.

ಮೊದಲು ಲೆಕ್ಕ. ದತ್ತಿ ಎಂದರೆ ಮೂಲಧನ ಮುಟ್ಟುವ ಹಾಗಿಲ್ಲ, ಬಡ್ಡಿ ಮಾತ್ರ ಹಂಚಬೇಕು. 10 ಲಕ್ಷ ಇಟ್ಟು ಶೇ 7 ಬಡ್ಡಿ ಬಂದರೆ ವರ್ಷಕ್ಕೆ 70 ಸಾವಿರ. ಅಷ್ಟನ್ನೂ ಹಂಚಬೇಡಿ. 50 ಸಾವಿರ ಕೊಡಿ, 20 ಸಾವಿರ ಮೂಲಧನಕ್ಕೆ ಸೇರಿಸಿ. ಹತ್ತು ವರ್ಷಕ್ಕೆ ಅದು 12 ಲಕ್ಷ ಆಗಿರುತ್ತದೆ. ಹಾಗೆ ಮಾಡದಿದ್ದರೆ ಫೀಸು ಏರುತ್ತಾ ಹೋಗುತ್ತದೆ, ನಿಮ್ಮ ಮೊತ್ತ ಇದ್ದಲ್ಲೇ ಇರುತ್ತದೆ. ಬಡ್ಡಿ ದರವೂ ನಿಲ್ಲುವುದಿಲ್ಲ. ಕೊರೋನಾ ಹೊತ್ತಿನಲ್ಲಿ ದೊಡ್ಡ ಬ್ಯಾಂಕುಗಳ ದರ ಐದೂವರೆಯ ಆಸುಪಾಸಿಗೆ ಇಳಿದಿತ್ತು. ಅದಕ್ಕೆ ಕಾಲೇಜಿಗೆ ಕೊಡುವ ದತ್ತಿಯ ಪತ್ರದಲ್ಲಿ ‘ವರ್ಷಕ್ಕೆ 50 ಸಾವಿರ’ ಎಂದು ಬರೆಯದೆ ‘ಬಂದ ಬಡ್ಡಿಯ ಏಳರಲ್ಲಿ ಐದು ಪಾಲು’ ಎಂದು ಬರೆಯಿರಿ.

ಹಣ ಇಡುವ ಮಾತು ಬಂದ ಕೂಡಲೇ ಯಾರಾದರೂ ಸೌಹಾರ್ದ ಸಹಕಾರಿಯ ಹೆಸರು ಹೇಳುತ್ತಾರೆ, ಬಡ್ಡಿ ಜಾಸ್ತಿ ಅಂತ. ಬೇಡ. ಬ್ಯಾಂಕಿನ ಠೇವಣಿಗೆ 5 ಲಕ್ಷದವರೆಗೆ ವಿಮೆ ಇದೆ, ಸಹಕಾರಿ ಬ್ಯಾಂಕಿಗೂ ಇದೆ. ಬ್ಯಾಂಕ್ ಅಲ್ಲದ ಪತ್ತಿನ ಸಂಘಕ್ಕೆ, ಸೌಹಾರ್ದಕ್ಕೆ ಇಲ್ಲ. ಪಾಲಿಸಿ ಹಿಡಿದು ಬರುವ ಏಜೆಂಟರಿಗೂ ಕೈಮುಗಿದು ಕಳಿಸಿ.

ಹಣ ಕಟ್ಟುವುದು. ಚೆಕ್ಕು ಅಥವಾ ಬ್ಯಾಂಕ್ ವರ್ಗಾವಣೆ ಮಾತ್ರ. 2,000 ರೂಪಾಯಿ ಮೀರಿದ ನಗದಿಗೆ ದೇಣಿಗೆಯ ತೆರಿಗೆ ರಿಯಾಯಿತಿ ಇಲ್ಲ. ನೀವು ಹೊಸ ತೆರಿಗೆ ಪದ್ಧತಿ ಆಯ್ದುಕೊಂಡಿದ್ದರೆ ಹೇಗೆ ಕೊಟ್ಟರೂ ಇಲ್ಲ. ಹಣದ ಜೊತೆ ‘ಇದು ಮೂಲಧನಕ್ಕೆ, ಬಡ್ಡಿ ಮಾತ್ರ ಬಳಸಬೇಕು’ ಎಂಬ ಪತ್ರ ಇರಲೇಬೇಕು. 2009ರಲ್ಲಿ ನಮ್ಮ ಬ್ಯಾಚಿನವರು ಸೇರಿಸಿ ಕೊಟ್ಟ ಹಣದ ಜೊತೆ ಆ ಒಂದು ಹಾಳೆ ಇರಲಿಲ್ಲ. ಅದು ಸಾಮಾನ್ಯ ಖಾತೆಗೆ ಹೋಯಿತು, ಕಾಂಪೌಂಡಿಗೆ ಬಣ್ಣವಾಯಿತು.

ರಾಯಚೂರಿನ ಯರಮರಸ್, ಕೊಪ್ಪಳದ ತಳಕಲ್‌ನಂಥ ಸರ್ಕಾರಿ ಕಾಲೇಜುಗಳಲ್ಲಿ ಓದಿದವರು ಮೊದಲು ಹಳೆಯ ವಿದ್ಯಾರ್ಥಿಗಳ ಸಂಘ ನೋಂದಣಿಯಾಗಿದೆಯೇ ಎಂದು ವಿಚಾರಿಸಿ. ಪ್ರಿನ್ಸಿಪಾಲರು ವರ್ಗವಾಗುತ್ತಾರೆ, ಸಂಘ ಅಲ್ಲೇ ಇರುತ್ತದೆ.

ಅಮೆರಿಕದಲ್ಲಿರುವ ಗೆಳೆಯರು ‘ನಿನ್ನ ಅಕೌಂಟಿಗೆ ಹಾಕ್ತೀನಿ, ನೀನೇ ಕಟ್ಟಿಬಿಡು’ ಅನ್ನುತ್ತಾರೆ. ಈ ಅಡ್ಡದಾರಿ ಹಿಡಿಯಬೇಡಿ. ಅವರು ಅಲ್ಲಿನ ಪೌರತ್ವ ಪಡೆದಿದ್ದರೆ, ಸಾಗರೋತ್ತರ ಭಾರತೀಯರ ಒಸಿಐ ಕಾರ್ಡ್ ಇದ್ದರೂ ಸಹ, ಅದು ವಿದೇಶಿ ದೇಣಿಗೆ. ಕಾಲೇಜಿನ ಸಂಸ್ಥೆಗೆ ಎಫ್‌ಸಿಆರ್‌ಎ (ವಿದೇಶಿ ದೇಣಿಗೆ ಕಾಯ್ದೆ) ನೋಂದಣಿ ಇರಬೇಕು, ಹಣ ಎಸ್‌ಬಿಐನ ನವದೆಹಲಿ ಮುಖ್ಯ ಶಾಖೆಯ ಖಾತೆಗೇ ಬರಬೇಕು. ಪಾಸ್‌ಪೋರ್ಟ್ ಇನ್ನೂ ಭಾರತದ್ದೇ ಆಗಿದ್ದರೆ, ತಮ್ಮ ಉಳಿತಾಯವನ್ನು ಬ್ಯಾಂಕಿನ ಮೂಲಕ ಕಳಿಸಲು ಈ ತೊಡಕಿಲ್ಲ.

ಇನ್ನು ಷರತ್ತು. ಒಂದೇ ಸಂಜೆಯಲ್ಲಿ ಬರೆದು ಮುಗಿಸಬೇಡಿ. ಒಂದೊಂದು ಸಾಲು ಬರೆದಾಗಲೂ ‘ಇದರಿಂದ ಯಾರು ಹೊರಗುಳಿಯುತ್ತಾರೆ?’ ಎಂದು ಕೇಳಿಕೊಳ್ಳಿ.

ಅಂಕದಿಂದ ಶುರು ಮಾಡೋಣ. ದೇವದುರ್ಗದಲ್ಲೋ ಕುಷ್ಟಗಿಯಲ್ಲೋ ಹತ್ತನೇ ತರಗತಿವರೆಗೆ ಕನ್ನಡದಲ್ಲಿ ಓದಿದ ಹುಡುಗ ಮೊದಲ ಸೆಮಿಸ್ಟರಿನ ಗಣಿತದಲ್ಲಿ ಎಡವುವುದು ಮಾಮೂಲು. ಲೆಕ್ಕ ಬರದೆ ಅಲ್ಲ, ಪ್ರಶ್ನೆಯ ಇಂಗ್ಲಿಷ್ ಅರ್ಥವಾಗದೆ. ನಾನೂ ಹಾಗೇ ಎಡವಿದವನು. ಮೂರನೇ ಸೆಮಿಸ್ಟರಿನ ಹೊತ್ತಿಗೆ ಸುಧಾರಿಸಿಕೊಂಡೆ. ‘ಬ್ಯಾಕ್‌ಲಾಗ್ ಇರಬಾರದು’ (ಪಾಸಾಗದೆ ಉಳಿದ ವಿಷಯ ಇರಬಾರದು) ಎಂಬ ಸಾಲು ಇಂಥವರನ್ನು, ಕೈಹಿಡಿಯಬೇಕಾದ ವರ್ಷದಲ್ಲೇ ಬಿಟ್ಟುಬಿಡುತ್ತದೆ. ‘ವಿಶ್ವವಿದ್ಯಾಲಯದ (ವಿಟಿಯು) ನಿಯಮದಂತೆ ಮುಂದಿನ ವರ್ಷಕ್ಕೆ ಹೋಗಲು ಅರ್ಹರಾಗಿದ್ದರೆ ಸಾಕು’ ಎಂದು ಬರೆಯಿರಿ. ಟಾಪರ್‌ಗೆ ಕೊಡಲು ಚಿನ್ನದ ಪದಕಗಳಿವೆ.

‘ಪಿಯುಸಿ ಅಂಕದ ಆಧಾರದ ಮೇಲೆ’ ಎಂದರೆ ಡಿಪ್ಲೊಮಾ ಮುಗಿಸಿ ನೇರ ಮೂರನೇ ಸೆಮಿಸ್ಟರಿಗೆ ಸೇರಿದವರು ಹೊರಗೆ. ಅವರಲ್ಲಿ ಎಷ್ಟೋ ಜನ ದುಡಿದು ಬಂದವರು. ಅವರ ಹೆಸರು ಹಿಡಿದೇ ಒಂದು ಸಾಲು ಸೇರಿಸಿ. ಶಾಖೆಯ ಹೆಸರಂತೂ ಬೇಡವೇ ಬೇಡ. ಸೀಟು ತುಂಬದೆ ಶಾಖೆ ಮುಚ್ಚಿದರೆ ದತ್ತಿಯೂ ಮುಚ್ಚುತ್ತದೆ.

‘ಬೇರೆ ವಿದ್ಯಾರ್ಥಿವೇತನ ಪಡೆಯಬಾರದು’ ಎಂಬ ಸಾಲು ಇನ್ನೂ ಕೆಟ್ಟದ್ದು. ಎಸ್‌ಎಸ್‌ಪಿಯಲ್ಲಿ (ರಾಜ್ಯ ಸರ್ಕಾರದ ವಿದ್ಯಾರ್ಥಿವೇತನ ಪೋರ್ಟಲ್) ಅರ್ಜಿ ಹಾಕಿದವರಿಗೆ ಸರ್ಕಾರದ ಹಣ ಬರುವ ಹೊತ್ತಿಗೆ ಎಷ್ಟೋ ಸಲ ವರ್ಷವೇ ಮುಗಿಯುತ್ತಾ ಬಂದಿರುತ್ತದೆ. ಬಂದರೂ ಹಾಸ್ಟೆಲ್ ಮೆಸ್ ಬಿಲ್ಲು ಪೂರ್ತಿ ತೀರುವುದಿಲ್ಲ. ‘ಎಲ್ಲ ನೆರವೂ ಸೇರಿ ಆ ವರ್ಷದ ಖರ್ಚು ಮೀರಬಾರದು’ ಎಂದರೆ ಸಾಕಲ್ವಾ?

ಆದಾಯ ಪ್ರಮಾಣಪತ್ರ ಕೇಳಿ, ಆದರೆ ಅದನ್ನೇ ನೆಚ್ಚಬೇಡಿ. ನಾಡಕಚೇರಿಯ ಪತ್ರ ಐದು ವರ್ಷ ನಡೆಯುತ್ತದೆ, ಬೆಳೆ ಹೋಗಲು ಒಂದು ವಾರ ಸಾಕು. 2024ರ ಆಗಸ್ಟ್‌ನಲ್ಲಿ ತುಂಗಭದ್ರಾ ಡ್ಯಾಮಿನ 19ನೇ ಗೇಟು ಕೊಚ್ಚಿಹೋದಾಗ ಕಾಲುವೆ ಕೆಳಗಿನ ಊರುಗಳಲ್ಲಿ ಎಂಥ ಆತಂಕ ಇತ್ತು ಅಂತ ನೋಡಿದ್ದೇವೆ. ಕಾಲುವೆಗೆ ನೀರು ಬಿಡದ ವರ್ಷ ನಾಲ್ಕೆಕರೆ ಭತ್ತದ ಮನೆಗೂ ಫೀಸು ಕಟ್ಟಲಾಗುವುದಿಲ್ಲ. ಅದಕ್ಕೇ ‘ಆ ವರ್ಷದ ಬೆಳೆ ನಷ್ಟ, ಮನೆಯ ದುಡಿಯುವವರ ಸಾವು ಅಥವಾ ಕಾಯಿಲೆ, ಗುಳೆ ಇವನ್ನು ಸಮಿತಿ ಪರಿಗಣಿಸಬಹುದು’ ಎಂದು ಸೇರಿಸಿ. ಸಮಿತಿಯಲ್ಲಿ ಮೂವರು ಸಾಕು: ಕಾಲೇಜಿನವರು ಒಬ್ಬರು, ಹಳೆಯ ವಿದ್ಯಾರ್ಥಿ ಒಬ್ಬರು, ಹಾಸ್ಟೆಲ್ ವಾರ್ಡನ್. ವಾರ್ಡನ್ ಇರಲೇಬೇಕು. ಯಾರು ರಾತ್ರಿ ಊಟ ಬಿಡುತ್ತಿದ್ದಾರೆ ಅಂತ ಗೊತ್ತಿರುವುದು ಅವರಿಗೆ ಮಾತ್ರ.

ಒಮ್ಮೆ ಆಯ್ದ ವಿದ್ಯಾರ್ಥಿಗೆ ಕೊನೆಯ ಸೆಮಿಸ್ಟರಿನವರೆಗೂ ಕೊಡಿ. ವರ್ಷಕ್ಕೊಬ್ಬರಿಗೆ ಹಂಚಿದರೆ ನಿಮ್ಮ ಫೋಟೊ ಜಾಸ್ತಿ ಬರುತ್ತದೆ, ಆ ಮನೆಯ ಸಾಲ ಮಾತ್ರ ಮುಂದಿನ ವರ್ಷ ಹಾಗೇ ಇರುತ್ತದೆ.

ಕೊಡುವ ತಿಂಗಳು. ಕಾಲೇಜ್ ಡೇ ದಿನ ಶಾಲು, ದೊಡ್ಡ ರಟ್ಟಿನ ಚೆಕ್ಕು ಬೇಡ. ಅಷ್ಟು ಹೊತ್ತಿಗೆ ಅಪ್ಪ ಕೈಸಾಲ ಮಾಡಿ ಫೀಸು ಕಟ್ಟಿ ಆಗಿರುತ್ತದೆ. ಫೀಸಿನ ಕೊನೆ ದಿನಕ್ಕೆ ಹದಿನೈದು ದಿನ ಮುಂಚೆ ವಿದ್ಯಾರ್ಥಿಯ ಖಾತೆಗೆ ಹೋಗಬೇಕು. ಆ ಮಾತನ್ನೂ ಪತ್ರದಲ್ಲೇ ಬರೆಯಿರಿ.

ಪತ್ರದ ಕೊನೆಯಲ್ಲಿ ಎರಡು ಸಾಲು ಮರೆಯಬೇಡಿ. ಒಂದು, ಎರಡು ವರ್ಷ ಸತತವಾಗಿ ಯಾರೂ ಸಿಗದಿದ್ದರೆ ಸಮಿತಿ ಷರತ್ತು ಸಡಿಲಿಸಬಹುದು. ಇನ್ನೊಂದು, ನಿಮ್ಮ ನಂತರ ಯಾರ ಒಪ್ಪಿಗೆ ಕೇಳಬೇಕು.

ಹಸಿರು ಫೈಲಿನ ಸೀನಿಯರ್‌ಗೆ ನಾನೇ ಫೋನ್ ಮಾಡಿದೆ. ಆರು ವರ್ಷದಿಂದ ಯಾರಿಗೂ ಹೋಗಿಲ್ಲ ಎಂದಾಗ ಸ್ವಲ್ಪ ಹೊತ್ತು ಮಾತೇ ಆಡಲಿಲ್ಲ. ಆಮೇಲೆ ‘ಏನು ಬದಲಾಯಿಸಬೇಕೋ ಬರೆದು ಕಳಿಸು, ಸಹಿ ಹಾಕ್ತೀನಿ’ ಎಂದರು. ಒಂದೇ ಹಾಳೆಯ ತಿದ್ದುಪಡಿ. ಕಳೆದ ಸೆಪ್ಟೆಂಬರಿನಲ್ಲಿ ಮೊದಲ ಕಂತು ಹೋಯಿತು, ಡಿಪ್ಲೊಮಾ ಮುಗಿಸಿ ಬಂದ ಸಿವಿಲ್ ಶಾಖೆಯ ಹುಡುಗಿಗೆ. ಅವಳಿಗೆ ಗಣಿತದಲ್ಲಿ ಒಂದು ಬ್ಯಾಕ್‌ಲಾಗ್ ಇತ್ತು.