ಅಪ್‌ಗ್ರೇಡ್ ಆದ ಮೇಲೆ ಸ್ಕ್ರೀನ್ ಬರದಿದ್ದರೆ: ಮಂಡ್ಯದ ಒಂದು ಡಿಟಿಪಿ ಅಂಗಡಿಯಲ್ಲಿ ನಾನು ಮಾಡಿದ್ದು

ಮಂಡ್ಯದಲ್ಲಿ ಕೋರ್ಟು, ತಾಲ್ಲೂಕು ಕಚೇರಿ ಕಡೆಯ ಕೆಲವು ಡಿಟಿಪಿ ಅಂಗಡಿಗಳ ಕಂಪ್ಯೂಟರ್ ನೋಡಿಕೊಳ್ಳುವುದು ನನ್ನ ಕೆಲಸ. ಇಲ್ಲಿರುವುದು ಹೆಚ್ಚಾಗಿ ಹಳೇ ಅಸೆಂಬಲ್ಡ್ ಮಷೀನುಗಳು. ಇಂಟೆಲ್ ಮೂರನೇ, ನಾಲ್ಕನೇ ಜನರೇಷನ್. 2025ರ ಅಕ್ಟೋಬರ್ 14ಕ್ಕೆ ವಿಂಡೋಸ್ 10ರ ಮಾಮೂಲಿ ಸಪೋರ್ಟ್ ಮುಗಿಯಿತು. ವಿಂಡೋಸ್ 11 ಅಧಿಕೃತವಾಗಿ ಬೇಕೆಂದರೆ ಇಂಟೆಲ್‌ನಲ್ಲಿ ಸಾಮಾನ್ಯವಾಗಿ ಎಂಟನೇ ಜನರೇಷನ್ ಅಥವಾ ಅದಕ್ಕಿಂತ ಹೊಸದು ಇರಬೇಕು, ಟಿಪಿಎಂ 2.0 ಅನ್ನುವ ಸೆಕ್ಯುರಿಟಿ ಚಿಪ್ ಬೇರೆ ಇರಬೇಕು. ಅರ್ಜಿ, ಅಫಿಡವಿಟ್, ಕ್ರಯಪತ್ರದ ಕರಡು ಟೈಪ್ ಮಾಡೋಕೆ ಹೊಸ ಮಷೀನ್ ಯಾಕೆ ಅಂತ ನನ್ನ ಗಿರಾಕಿಗಳಲ್ಲಿ ಕೆಲವರು ಉಬುಂಟು ಅನ್ನುವ ಉಚಿತ ಆಪರೇಟಿಂಗ್ ಸಿಸ್ಟಮ್‌ಗೆ ಬಂದಿದ್ದಾರೆ. ಅದರ ಟೈಪಿಂಗ್ ವ್ಯವಸ್ಥೆ ಐಬಸ್‌ನಲ್ಲಿ ಕೆಜಿಪಿ ಕೀಲಿಮಣೆ ಆರಿಸಿಕೊಂಡರೆ ನುಡಿ ಸಾಫ್ಟ್‌ವೇರಿನಲ್ಲಿ ಟೈಪ್ ಮಾಡಿದ ಕೈಗೆ ತೊಂದರೆಯೇ ಆಗುವುದಿಲ್ಲ. ಪೇಜ್‌ಮೇಕರ್ ಬೇಕೇ ಬೇಕು ಅನ್ನುವವರು ಅದಕ್ಕಂತ ಒಂದು ಹಳೇ ವಿಂಡೋಸ್ ಮಷೀನನ್ನು ನೆಟ್ ಇಲ್ಲದೆ ಮೂಲೆಯಲ್ಲಿ ಇಟ್ಟುಕೊಂಡಿದ್ದಾರೆ.

ಈ ಅಂಗಡಿ ಅದಕ್ಕೂ ಮುಂಚೆಯೇ ಉಬುಂಟುಗೆ ಬಂದಿತ್ತು. 22.04 ಆವೃತ್ತಿ ಇತ್ತು, ಬೇರೆ ಯಾರೋ ಹಾಕಿಕೊಟ್ಟಿದ್ದು. ಅಂಗಡಿ ನಡೆಸುವ ಅಕ್ಕ ಎರಡು ಮಾನಿಟರ್ ಇಟ್ಟುಕೊಂಡಿದ್ದಾರೆ. ಒಂದು ಅವರ ಮುಂದೆ. ಇನ್ನೊಂದು ಮೇಜಿನ ಆಚೆ ಬದಿ, ಗಿರಾಕಿ ಕಡೆಗೆ. ಸರ್ವೆ ನಂಬರ್, ಚೆಕ್ಕುಬಂದಿ, ಅಪ್ಪನ ಹೆಸರು ಸರಿಯಾಗಿದೆಯಾ ಅಂತ ಬಂದವರು ಅಲ್ಲೇ ಓದಿ ಹೇಳುತ್ತಾರೆ. ಪ್ರಿಂಟ್ ತೆಗೆದ ಮೇಲೆ ತಿದ್ದುವ ಗೋಳಿಲ್ಲ. ಇದಕ್ಕೋಸ್ಕರ ಎನ್‌ವಿಡಿಯಾ ಜಿಟಿ 610 ಅನ್ನೋ ಹಳೇ ಗ್ರಾಫಿಕ್ಸ್ ಕಾರ್ಡ್ ಹಾಕಿಸಿದ್ದರು.

24.04ಕ್ಕೆ ಅಪ್‌ಗ್ರೇಡ್ ಮಾಡಿ ಅಂತ ಸಿಸ್ಟಮ್ಮೇ ಕೇಳಿದೆ. ಅಕ್ಕನ ಮಗ ರಾತ್ರಿ ಒತ್ತಿದ್ದಾನೆ. ಬೆಳಗ್ಗೆ ನನಗೆ ಫೋನ್.

"ತಮ್ಮ, ಆನ್ ಆಯ್ತದೆ, ಫ್ಯಾನೂ ತಿರುಗ್ತದೆ. ಸ್ಕ್ರೀನ್ ಮಾತ್ರ ಬತ್ತಿಲ್ಲ ಕಣಪ್ಪ. ಮಧ್ಯಾಹ್ನಕ್ಕೆ ವಕೀಲರಿಗೆ ಪೇಪರ್ ಕೊಡ್ಬೇಕು."

"ಅಕ್ಕ, ಸ್ವಿಚ್ ಒತ್ತಿದ ತಕ್ಷಣ ಬೋರ್ಡ್ ಕಂಪನಿ ಲೋಗೋ ಬತ್ತದಾ?"

"ಅದು ಬತ್ತದೆ. ಆಮೇಲೆ ಕಪ್ಪು. ಮೂಲೇಲಿ ಒಂದು ಗೆರೆ ಮಿನುಗ್ತಾ ಇರ್ತದೆ."

ನನಗೆ ಬೇಕಾಗಿದ್ದ ಉತ್ತರ ಇದೇ. ಸ್ಕ್ರೀನ್ ಬರ್ತಿಲ್ಲ ಅಂದರೆ ನಾನು ಮೊದಲು ಕೇಳುವುದು ಎಲ್ಲಿಯವರೆಗೆ ಬಂತು ಅಂತ. ಲೋಗೋ ಕೂಡ ಬರದಿದ್ದರೆ ಆಪರೇಟಿಂಗ್ ಸಿಸ್ಟಮ್ ಇನ್ನೂ ಶುರುವೇ ಆಗಿಲ್ಲ. ಆಗ ಅಪ್‌ಗ್ರೇಡನ್ನು ಬಯ್ದು ಉಪಯೋಗವಿಲ್ಲ. ಕೇಬಲ್, ರ‍್ಯಾಮ್, ಮಾನಿಟರಿನ ಇನ್‌ಪುಟ್ ನೋಡಬೇಕು. ಲೋಗೋ ಬಂದು ಆಮೇಲೆ ಕಪ್ಪಾದರೆ ತೊಂದರೆ ಕರ್ನಲ್ (ಸಿಸ್ಟಮ್ಮಿನ ತಿರುಳು) ಅಥವಾ ಗ್ರಾಫಿಕ್ಸ್ ಡ್ರೈವರ್ (ಕಾರ್ಡನ್ನು ಓಡಿಸುವ ಸಾಫ್ಟ್‌ವೇರ್) ಕಡೆ. ಲಾಗಿನ್ ತನಕ ಬಂದು, ಪಾಸ್‌ವರ್ಡ್ ಹೊಡೆದ ಮೇಲೆ ಕಪ್ಪಾದರೆ ಡ್ರೈವರ್ ಅಷ್ಟಿಷ್ಟು ಕೆಲಸ ಮಾಡುತ್ತಿದೆ ಅಂತ ಅರ್ಥ. ಆಗ ಲಾಗಿನ್ ಸ್ಕ್ರೀನಿನ ಮೂಲೆಯ ಗೇರ್ ಚಿಹ್ನೆ ಒತ್ತಿ ವೇಲ್ಯಾಂಡ್ ಬದಲು ಎಕ್ಸ್‌ಆರ್ಗ್ ಆರಿಸಿ ನೋಡುತ್ತೇನೆ. ಎರಡೂ ಸ್ಕ್ರೀನಿನ ಮೇಲೆ ಚಿತ್ರ ಮೂಡಿಸುವ ವ್ಯವಸ್ಥೆಗಳೇ, ಎಕ್ಸ್‌ಆರ್ಗ್ ಹಳೆಯದು. ಡಿಸ್ಕ್ ತುಂಬಿದ್ದರೂ ಹೀಗೇ ಆಗುತ್ತದೆ. ಇದನ್ನು ಬಹಳ ಜನ ನೋಡುವುದೇ ಇಲ್ಲ.

ನಾನು ಹೋಗುವಷ್ಟರಲ್ಲಿ ಹುಡುಗ ಮೊಬೈಲಿನಲ್ಲಿ ಹುಡುಕಿ ಬೂಟ್ ಮೆನು ತೋರಿಸುವ ಗ್ರಬ್‌ನಲ್ಲಿ ನೋಮೋಡ್‌ಸೆಟ್ ಅನ್ನುವ ಆಯ್ಕೆ ಸೇರಿಸಿ ನೋಡಿದ್ದ. ಏನೂ ಆಗಿರಲಿಲ್ಲ. ಎಲ್ಲ ಕಡೆ ಮೊದಲು ಸಿಗುವ ಸಲಹೆ ಅದು. ಗ್ರಾಫಿಕ್ಸ್ ಡ್ರೈವರ್‌ಗಳು ಸ್ಕ್ರೀನ್ ಮೋಡ್ ಮುಟ್ಟದಂತೆ ಕರ್ನಲ್‌ಗೆ ಹೇಳುವುದಷ್ಟೇ ಅದರ ಕೆಲಸ. ಒಳಗೆ ಹೋಗಿ ನೋಡೋಕೆ ಒಂದು ದಾರಿ ಅಷ್ಟೇ, ರಿಪೇರಿ ಅಲ್ಲ. ಅದರಿಂದ ಸ್ಕ್ರೀನ್ ಬಂದರೂ ಕಡಿಮೆ ರೆಸಲ್ಯೂಷನ್ನಿನಲ್ಲಿ ಬರುತ್ತದೆ, ಎರಡನೇ ಮಾನಿಟರ್ ಸಾಮಾನ್ಯವಾಗಿ ಸಿಗುವುದಿಲ್ಲ. ಈ ಮಷೀನಿನಲ್ಲಂತೂ ಅದು ಕೆಲಸ ಮಾಡುವ ಹಾಗೇ ಇರಲಿಲ್ಲ. ಯಾಕೆ ಅಂತ ಮುಂದೆ ಹೇಳುತ್ತೇನೆ.

ಮೊದಲು ವಕೀಲರ ಪೇಪರ್ ಆಗಬೇಕಿತ್ತಲ್ಲ. ಆನ್ ಮಾಡುವಾಗ ಶಿಫ್ಟ್ ಒತ್ತಿ ಹಿಡಿದು ಗ್ರಬ್ ಮೆನು ತಂದೆ. ಯುಇಎಫ್‌ಐ (ಹಳೇ ಬಯೋಸ್ ಬದಲು ಬಂದದ್ದು) ಇರುವ ಮಷೀನಾದರೆ ಎಸ್ಕೇಪ್ ಒತ್ತಬೇಕು. ಅಡ್ವಾನ್ಸ್ಡ್ ಆಪ್ಷನ್ಸ್ ಒಳಗೆ ಹಳೇ ಕರ್ನಲ್ ಇನ್ನೂ ಕೂತಿತ್ತು. ಅದನ್ನು ಆರಿಸಿದರೆ ಎರಡೂ ಮಾನಿಟರ್ ಸಲೀಸಾಗಿ ಬಂದವು. ಅಕ್ಕ ಕೂತು ಟೈಪ್ ಮಾಡೋಕೆ ಶುರು ಮಾಡಿದರು. ನಾನು ಸಂಜೆ ಬರ್ತೀನಿ ಅಂತ ಹೊರಟೆ.

ಅಷ್ಟರಲ್ಲೇ ಅರ್ಧ ರೋಗ ಗೊತ್ತಾಯಿತು. ಕಾರ್ಡ್ ಸರಿಯಿದೆ, ಮಾನಿಟರ್ ಸರಿಯಿದೆ. ಹಳೇ ಕರ್ನಲ್‌ಗೆ ಡ್ರೈವರ್ ಇದೆ, ಹೊಸ ಕರ್ನಲ್‌ಗೆ ಇಲ್ಲ. "ಹಿಂಗೇ ನಡೀಲಿ ಬಿಡು" ಅಂತ ಅಕ್ಕ ಅಂದರು. ಆದರೆ ಹಳೇ ಕರ್ನಲ್‌ಗೆ ಸೆಕ್ಯುರಿಟಿ ಅಪ್‌ಡೇಟ್ ಬರುವುದಿಲ್ಲ. ಯಾವತ್ತೋ ಒಂದು ದಿನ ಸಿಸ್ಟಮ್ ಕ್ಲೀನ್ ಮಾಡುವಾಗ ಅದು ತಾನಾಗಿ ಅಳಿಸಿಯೂ ಹೋಗುತ್ತದೆ. ಒಂದು ದಿನ ತಳ್ಳೋಕೆ ಸಾಕು, ಅಷ್ಟೇ.

ಸಂಜೆ ಹೊಸ ಕರ್ನಲ್‌ನಲ್ಲೇ ಬೂಟ್ ಮಾಡಿದೆ. ಗೆರೆ ಮಿನುಗುತ್ತಾ ನಿಂತಾಗ ಕಂಟ್ರೋಲ್, ಆಲ್ಟ್, ಎಫ್3 ಒಟ್ಟಿಗೆ ಒತ್ತಿದೆ. ಬರೀ ಅಕ್ಷರದ ಲಾಗಿನ್ ಬಂತು. ಅಲ್ಲಿ ಪಾಸ್‌ವರ್ಡ್ ಹೊಡೆಯುವಾಗ ಚುಕ್ಕಿ ಕೂಡ ಕಾಣುವುದಿಲ್ಲ. ಹುಡುಗ ಕೀಬೋರ್ಡ್ ಹಾಳಾಗಿದೆ ಅಂದುಕೊಂಡಿದ್ದನಂತೆ! ಸುಮ್ನೆ ಹೊಡೆದು ಎಂಟರ್ ಒತ್ತಬೇಕು.

ಎಲ್‌ಎಸ್‌ಪಿಸಿಐ ಅನ್ನುವ ಕಮ್ಯಾಂಡಿಗೆ 'ಕೆ' ಸೇರಿಸಿ (lspci -k) ಕೊಟ್ಟರೆ ಯಾವ ಕಾರ್ಡಿಗೆ ಯಾವ ಡ್ರೈವರ್ ಓಡುತ್ತಿದೆ ಅಂತ ತೋರಿಸುತ್ತದೆ. ಇಲ್ಲಿ ಜಿಟಿ 610 ಮುಂದೆ ಓಡುತ್ತಿರುವ ಡ್ರೈವರ್ ಯಾವುದೂ ಇರಲಿಲ್ಲ. ಪ್ರತಿ ಕರ್ನಲ್‌ಗೂ ಡ್ರೈವರ್ ಕಟ್ಟಿಕೊಡುವ ಡಿಕೆಎಂಎಸ್‌ನ ಸ್ಟೇಟಸ್ ಕೇಳಿದೆ. ಎನ್‌ವಿಡಿಯಾ 390 ಡ್ರೈವರ್ ಹಳೇ ಕರ್ನಲ್‌ಗೆ ಕಟ್ಟಿದೆ, ಹೊಸದಕ್ಕೆ ಇಲ್ಲ ಅಂದಿತು. ಕಥೆ ಇಷ್ಟೇ. ಜಿಟಿ 610 ಬಂದಿದ್ದು 2012ರಲ್ಲಿ. ಫರ್ಮಿ ಅನ್ನುವ ಪೀಳಿಗೆಯ ಚಿಪ್. ಆ ಪೀಳಿಗೆಗೆ ಕೊನೆಯ ಡ್ರೈವರ್ ಸರಣಿ 390. ಅದರ ಸಪೋರ್ಟ್ 2022ರ ಕೊನೆಗೆ ಮುಗಿದಿದೆ. ಕರ್ನಲ್ ಒಳಗಿನ ವ್ಯವಸ್ಥೆ ಪ್ರತಿ ಆವೃತ್ತಿಗೂ ಬದಲಾಗುತ್ತಿರುತ್ತದೆ. 24.04 ಬಿಡುಗಡೆಯಾದಾಗಲೇ ಅದರಲ್ಲಿದ್ದ ಕರ್ನಲ್ 6.8. ಯಾರೂ ತಿದ್ದದ ಡ್ರೈವರ್ ಅದರ ಜೊತೆ ಹೊಂದುವುದಿಲ್ಲ. 24.04ರ ಪ್ಯಾಕೇಜ್ ಭಂಡಾರದಲ್ಲಿ 390 ಇಲ್ಲವೇ ಇಲ್ಲ. ಹತ್ತು ವರ್ಷ ದಾಟಿದ ಕಾರ್ಡಿಗೆ ಇಷ್ಟು ದಿನ ಡ್ರೈವರ್ ಬಂದಿದ್ದೇ ಹೆಚ್ಚು. ಇದರಲ್ಲಿ ಬಯ್ಯೋಕೆ ಯಾರೂ ಇಲ್ಲ.

ಹಾಗಾದರೆ ನೂವೋ ಇದೆಯಲ್ಲ? ಕರ್ನಲ್ ಜೊತೆಗೇ ಬರುವ ಮುಕ್ತ ಡ್ರೈವರ್ ಅದು. ಜಿಟಿ 610ನ್ನು ಚೆನ್ನಾಗಿ ಗುರುತಿಸುತ್ತದೆ. ಎನ್‌ವಿಡಿಯಾ ಡ್ರೈವರ್ ಇಲ್ಲದಿದ್ದರೆ ಅದು ತಾನಾಗಿ ಬರಬೇಕಿತ್ತು. ಬಂದಿರಲಿಲ್ಲ.

ಇಲ್ಲೇ ನಿಜವಾದ ವಿಷಯ ಇರುವುದು. ಮೊದಲು ಡ್ರೈವರ್ ಹಾಕಿದವರು ಉಬುಂಟುವಿನ ಪ್ಯಾಕೇಜ್ ಬಳಸಿರಲಿಲ್ಲ. ವೆಬ್‌ಸೈಟಿನಿಂದ ಇನ್‌ಸ್ಟಾಲರ್ ಫೈಲ್ ಇಳಿಸಿ ಓಡಿಸಿದ್ದರು. ಆ ಇನ್‌ಸ್ಟಾಲರ್ ಎರಡು ಕೆಲಸ ಮಾಡಿತ್ತು. ಮಾಡ್‌ಪ್ರೋಬ್ ಡಾಟ್ ಡಿ ಫೋಲ್ಡರಿನಲ್ಲಿ ನೂವೋ ಬರಕೂಡದು ಅಂತ ತಡೆಯುವ ಒಂದು ಬ್ಲ್ಯಾಕ್‌ಲಿಸ್ಟ್ ಫೈಲ್ ಬರೆದಿತ್ತು. ಎಕ್ಸ್11 ಫೋಲ್ಡರಿನ ಎಕ್ಸ್‌ಆರ್ಗ್ ಡಾಟ್ ಕಾನ್ಫ್ ಫೈಲಿನಲ್ಲಿ ಎನ್‌ವಿಡಿಯಾ ಡ್ರೈವರನ್ನೇ ಬಳಸು ಅಂತ ಹೇಳಿತ್ತು. ಹಾಗೆ ಹಾಕಿದ ಫೈಲುಗಳ ಲೆಕ್ಕ ಪ್ಯಾಕೇಜ್ ಮ್ಯಾನೇಜರ್ ಹತ್ತಿರ ಇರುವುದಿಲ್ಲ. ಅಪ್‌ಗ್ರೇಡ್ ಅವನ್ನು ಮುಟ್ಟದೆ ಹಾಗೇ ಬಿಟ್ಟಿದೆ. ಹಳೇ ಬಾಡಿಗೆಯವನು ಮನೆ ಬಿಟ್ಟು ಹೋದ, ತನ್ನ ಬೀಗ ಮಾತ್ರ ಹಾಗೇ ಹಾಕಿಹೋದ, ಹೊಸಬ ಹೊರಗೆ ನಿಂತಿದ್ದಾನೆ. ಹುಡುಗ ನೋಮೋಡ್‌ಸೆಟ್ ಹಾಕಿದ್ದು ನಾಟದೇ ಹೋದದ್ದೂ ಇದಕ್ಕೇ. ತಡೆಯೋಕೆ ಅಲ್ಲಿ ಡ್ರೈವರ್ರೇ ಇರಲಿಲ್ಲ. ಇಲ್ಲದ ಎನ್‌ವಿಡಿಯಾವನ್ನೇ ಎಕ್ಸ್‌ಆರ್ಗ್ ಹುಡುಕುತ್ತಾ ಕೂತಿತ್ತು. ಜರ್ನಲ್‌ಸಿಟಿಎಲ್ ತೆಗೆದು ನೋಡಿದರೆ ಸಿಸ್ಟಮ್ಮಿನ ದಾಖಲೆಯಲ್ಲೂ ಅದೇ. ಎನ್‌ವಿಡಿಯಾ ಕರ್ನಲ್ ಮಾಡ್ಯೂಲ್ ಶುರುವಾಗಲಿಲ್ಲ, ಸ್ಕ್ರೀನ್ ಯಾವುದೂ ಸಿಗಲಿಲ್ಲ.

ರಿಪೇರಿಗೆ ಬಹಳ ಹೊತ್ತು ಹಿಡಿಯಲಿಲ್ಲ. ಹಾಗೆ ಹಾಕಿದ ಡ್ರೈವರ್ ತೆಗೆಯೋಕೆ ಅದರದ್ದೇ ಅನ್‌ಇನ್‌ಸ್ಟಾಲರ್ ಇರುತ್ತದೆ. ಸುಡೋ ಜೊತೆಗೆ ಎನ್‌ವಿಡಿಯಾ-ಅನ್‌ಇನ್‌ಸ್ಟಾಲ್ ಅಂತ ಕೊಟ್ಟರೆ ಸಾಕು. ಅದು ಮುಗಿದ ಮೇಲೂ ಮಾಡ್‌ಪ್ರೋಬ್ ಫೋಲ್ಡರನ್ನು ಕಣ್ಣಾರೆ ನೋಡಬೇಕು. ಬ್ಲ್ಯಾಕ್‌ಲಿಸ್ಟ್ ಫೈಲ್ ಉಳಿದುಬಿಡುವುದು ಉಂಟು. ಇಲ್ಲೂ ಉಳಿದಿತ್ತು, ತೆಗೆದೆ. ಎಕ್ಸ್‌ಆರ್ಗ್ ಡಾಟ್ ಕಾನ್ಫ್ ಫೈಲನ್ನು ಅಳಿಸದೆ ಬರೀ ಹೆಸರು ಬದಲಿಸಿದೆ. ಹಳೇ ಸೆಟ್ಟಿಂಗ್ ಏನಿತ್ತು ಅಂತ ಆಮೇಲೆ ನೋಡಬೇಕಾಗುತ್ತದೆ, ಅಳಿಸಿದರೆ ಹೋಯಿತು. ಕೊನೆಗೆ ಅಪ್‌ಡೇಟ್-ಇನಿಟ್‌ರ‍್ಯಾಮ್‌ಎಫ್‌ಎಸ್ ಓಡಿಸಿದೆ. ಇದನ್ನು ಬಿಡುವ ಹಾಗಿಲ್ಲ. ಬೂಟ್ ಆಗುವಾಗ ಮೊದಲು ತೆರೆಯುವ ಪುಟ್ಟ ಇಮೇಜಿನ ಒಳಗೂ ಬ್ಲ್ಯಾಕ್‌ಲಿಸ್ಟಿನ ಒಂದು ನಕಲು ಇರುತ್ತದೆ. ಅದನ್ನು ಹೊಸದಾಗಿ ಕಟ್ಟದಿದ್ದರೆ ಫೈಲ್ ತೆಗೆದರೂ ತಡೆ ಹೋಗುವುದಿಲ್ಲ. ರೀಬೂಟ್ ಮಾಡಿದೆ. ಲಾಗಿನ್ ಬಂತು.

ಅಕ್ಕನ ಕಡೆಯ ಮಾನಿಟರ್ ಸರಿಯಾಗಿತ್ತು, ಅದು ಎಚ್‌ಡಿಎಂಐ. ಗಿರಾಕಿ ಕಡೆಯದು 1024×768ರಲ್ಲಿ ನಿಂತಿತ್ತು. ಅದು 1366×768ರ ಅಗಲದ ಮಾನಿಟರ್. ಅಕ್ಷರಗಳೆಲ್ಲ ಅಡ್ಡಕ್ಕೆ ಎಳೆದ ಹಾಗೆ, ಒತ್ತಕ್ಷರ ಮಸುಕು. ಸೆಟ್ಟಿಂಗ್ಸ್‌ನಲ್ಲಿ ಬೇರೆ ಆಯ್ಕೆ ಇರಲೇ ಇಲ್ಲ.

ಗ್ರಬ್‌ನಲ್ಲಿ ನೋಮೋಡ್‌ಸೆಟ್ ಉಳಿದಿದೆಯಾ ಅಂತ ಮೊದಲು ನೋಡಿದೆ. ಇರಲಿಲ್ಲ. ಹುಡುಗ ಮಾಡಿದ್ದು ಒಂದು ಬೂಟಿನ ಮಟ್ಟಿಗೆ. ಅದೂ ಅಲ್ಲದೆ ಒಂದು ಮಾನಿಟರ್ ಸರಿ, ಇನ್ನೊಂದು ಮಾತ್ರ ತಪ್ಪು ಅಂದರೆ ಡ್ರೈವರ್ ಮೇಲೆ ಅನುಮಾನ ಕಡಿಮೆ. ಮಾನಿಟರ್ ತನ್ನ ಅಳತೆಗಳನ್ನು ಎಡಿಡ್ ಅನ್ನುವ ಪುಟ್ಟ ಮಾಹಿತಿಯಾಗಿ ಕಂಪ್ಯೂಟರಿಗೆ ಕಳಿಸುತ್ತದೆ. ಸಿಸ್ ಕೆಳಗಿನ ಡಿಆರ್‌ಎಂ ಫೋಲ್ಡರಿನಲ್ಲಿ (/sys/class/drm) ಪ್ರತಿ ಪೋರ್ಟಿಗೂ ಒಂದು ಎಡಿಡ್ ಫೈಲ್ ಇರುತ್ತದೆ. ಎಚ್‌ಡಿಎಂಐ ಪೋರ್ಟಿನದರಲ್ಲಿ ಮಾಹಿತಿ ಇತ್ತು. ವಿಜಿಎದು ಖಾಲಿ.

ಅಲ್ಲಿಗೆ ಕಣ್ಣು ಕೇಬಲ್ ಮೇಲೆ ಬಿತ್ತು. ಮೇಜಿನ ಕೆಳಗೆ ಸುತ್ತಿ ಹೋಗುವ ಉದ್ದದ ವಿಜಿಎ ಕೇಬಲ್. ವಿಜಿಎಯ 15 ಪಿನ್‌ಗಳಲ್ಲಿ ಎಡಿಡ್ ಹರಿಯುವುದು 12 ಮತ್ತು 15ನೇ ಪಿನ್‌ಗಳಲ್ಲಿ. ಅಗ್ಗದ ಕೆಲವು ಕೇಬಲ್‌ಗಳಲ್ಲಿ ಆ ತಂತಿ ಇರುವುದೇ ಇಲ್ಲ, ಅಥವಾ ಒಳಗೆ ತುಂಡಾಗಿರುತ್ತದೆ. ಬಣ್ಣದ ತಂತಿಗಳು ಸರಿಯಿದ್ದರೆ ಚಿತ್ರ ಬಂದೇ ಬರುತ್ತದೆ. ಹಾಗಾಗಿ ಕೇಬಲ್ ಮೇಲೆ ಯಾರಿಗೂ ಅನುಮಾನ ಬರುವುದಿಲ್ಲ. ಬ್ಯಾಗಿನಲ್ಲಿದ್ದ ನನ್ನ ಗಿಡ್ಡ ಕೇಬಲ್ ಹಾಕಿದೆ. 1366×768 ತಾನಾಗಿ ಬಂತು.

"ನಿನ್ನೆ ತನಕ ಇದೇ ಕೇಬಲಲ್ಲಿ ಸರಿಯಾಗೇ ಇತ್ತಲ್ಲಪ್ಪ" ಅಂದರು ಅಕ್ಕ. ನ್ಯಾಯವಾದ ಪ್ರಶ್ನೆ. ಹೆಸರು ಬದಲಿಸಿಟ್ಟಿದ್ದ ಹಳೇ ಫೈಲ್ ತೆರೆದೆ. ಹಾಕಿಕೊಟ್ಟವರು ಆ ಮಾನಿಟರಿಗೆ ರೆಸಲ್ಯೂಷನ್ ಸಾಲನ್ನು ಕೈಯಾರೆ ಬರೆದಿದ್ದರು. ಎಡಿಡ್ ಕೇಳಬೇಡ ಅಂತಲೂ ಹೇಳಿದ್ದರು. ಕೇಬಲ್ ಮೊದಲ ದಿನದಿಂದಲೂ ಹಾಗೇ ಇದ್ದಿರಬೇಕು. ಆ ಸಾಲು ಅದನ್ನು ಮುಚ್ಚಿಟ್ಟಿತ್ತು. ನಾನೂ ಹಾಗೇ ಎಕ್ಸ್‌ರ‍್ಯಾಂಡರ್‌ನಲ್ಲಿ ಒಂದು ರೆಸಲ್ಯೂಷನ್ ಮೋಡ್ ಕೈಯಾರೆ ಸೇರಿಸಿ ಬರಬಹುದಿತ್ತು. ಮಾಡಲಿಲ್ಲ. ವೇಲ್ಯಾಂಡ್‌ನಲ್ಲಿ ಅದು ನಡೆಯುವುದೂ ಇಲ್ಲ. ಹೊಸ ಕೇಬಲ್ ತರಿಸಿ ಅಂದೆ.

ಇದೇ ಲಕ್ಷಣ, ಆದರೆ ಬೇರೆ ರೋಗ ಮೈಸೂರಿನಲ್ಲಿ ಸಿಕ್ಕಿತ್ತು. ಸರಸ್ವತಿಪುರಂನ ಒಬ್ಬ ವಿದ್ಯಾರ್ಥಿಯ ಲ್ಯಾಪ್‌ಟಾಪ್, ಎನ್‌ವಿಡಿಯಾ ಚಿಪ್ ಹೊಸದು. ಅಪ್‌ಗ್ರೇಡ್ ಆದ ಮೇಲೆ ಹೊರಗಿನ ಮಾನಿಟರ್ ಬರುತ್ತಿರಲಿಲ್ಲ. ಡ್ರೈವರ್ ಸರಿಯಾಗಿ ಕಟ್ಟಿತ್ತು, ಆದರೆ ಲೋಡ್ ಆಗುತ್ತಿರಲಿಲ್ಲ. ಸೆಕ್ಯೂರ್ ಬೂಟ್ ಆನ್ ಇರುವ ಮಷೀನಿನಲ್ಲಿ ಹೀಗೆ ಕಟ್ಟಿದ ಡ್ರೈವರಿಗೆ ಸಹಿ ಬೇಕು. ಆ ಸಹಿಯ ಕೀ ಒಪ್ಪಿಕೊಳ್ಳೋಕೆ ರೀಬೂಟ್ ಆದಾಗ ಒಂದು ನೀಲಿ ಸ್ಕ್ರೀನ್ ಬರುತ್ತದೆ. ಎನ್‌ರೋಲ್ ಅಂತ ಆರಿಸಿ, ಇನ್‌ಸ್ಟಾಲ್ ಮಾಡುವಾಗ ಕೊಟ್ಟ ಪಾಸ್‌ವರ್ಡ್ ಹೊಡೆಯಬೇಕು. ಆ ಹುಡುಗ ನೀಲಿ ಕಂಡು ಗಾಬರಿಯಾಗಿ ಕಂಟಿನ್ಯೂ ಒತ್ತಿದ್ದ. ಇದನ್ನು ಮೊಕ್‌ಯುಟಿಲ್ ಅನ್ನುವ ಕಮ್ಯಾಂಡಿನಿಂದ ಮತ್ತೆ ಕೇಳಿಸಬಹುದು, ಸೆಕ್ಯೂರ್ ಬೂಟ್ ಆಫ್ ಮಾಡಲೇಬೇಕು ಅಂತಿಲ್ಲ.

ಮಂಡ್ಯದ ಅಂಗಡಿಯಿಂದ ಹೊರಡುವ ಮೊದಲು ಎಸ್‌ಎಸ್‌ಎಚ್ ಸರ್ವರ್ ಹಾಕಿಟ್ಟೆ. ಉಬುಂಟು ಡೆಸ್ಕ್‌ಟಾಪಿನಲ್ಲಿ ಅದು ತಾನಾಗಿ ಇರುವುದಿಲ್ಲ. ಮುಂದೆ ಸ್ಕ್ರೀನ್ ಪೂರ್ತಿ ಹೋದರೂ ಅಂಗಡಿಯ ವೈಫೈನಲ್ಲಿ ನನ್ನ ಲ್ಯಾಪ್‌ಟಾಪಿನಿಂದ ಒಳಗೆ ಹೋಗಬಹುದು.

"ಹೊಸ ಕಾರ್ಡ್ ತಗೋಬೇಕಾ?" ಅಂತ ಕೇಳಿದರು. ಬೇಡ ಅಂದೆ. ನೂವೋದಲ್ಲಿ ವಿಡಿಯೋ ನೋಡುವಾಗ ಚಿತ್ರ ಒಮ್ಮೊಮ್ಮೆ ಅಡ್ಡಕ್ಕೆ ಸೀಳಿದ ಹಾಗೆ ಕಾಣಬಹುದು. ಈ ಅಂಗಡಿಯಲ್ಲಿ ಆ ಮಾನಿಟರಿನಲ್ಲಿ ಓದುವುದು ಸರ್ವೆ ನಂಬರ್ ತಾನೇ?