ನೇಪಾಳ ಸುತ್ತಿ ಮೈಸೂರಿಗೆ ಮರಳಿದ ಮೇಲೆ ನೆನಪು ಬರೆದಿಡುವ ಬಗೆ

ಬೆನ್ನುಚೀಲ ಬಿಚ್ಚಿದ ಮೊದಲ ವಾರದಲ್ಲೇ ಬರೆಯಿರಿ. ತಿಂಗಳು ಕಳೆದರೆ ಬೆಟ್ಟದ ಹಳ್ಳಿ ಘೋರೆಪಾನಿಯ ಚಳಿ, ಪೋಖರಾದ ಫೇವಾ ಸರೋವರದ ಬೆಳಗು ಒಂದರೊಳಗೊಂದು ಕಲಸಿಹೋಗುತ್ತವೆ. ಕುಕ್ಕರಹಳ್ಳಿ ಕೆರೆ ಏರಿಯ ಬೆಂಚು, ಒಂದು ಗಂಟೆ, ಒಂದು ನೋಟ್‌ಬುಕ್ ಸಾಕು, ಫೋನ್ ಮನೆಯಲ್ಲಿರಲಿ.

ಅದಕ್ಕೂ ಮೊದಲು ದಿನಗಳ ಕ್ರಮ ಸರಿಪಡಿಸಿಕೊಳ್ಳಿ, ಎಡವುವುದು ಇಲ್ಲೇ. ನೇಪಾಳದ ಗಡಿಯಾರ ನಮಗಿಂತ 15 ನಿಮಿಷ ಮುಂದೆ. ಫೋನ್ ಸಾಮಾನ್ಯವಾಗಿ ತಾನೇ ಬದಲಾಗುತ್ತದೆ, ಕ್ಯಾಮೆರಾ ನಮ್ಮ ಸಮಯದಲ್ಲೇ ಉಳಿಯುತ್ತದೆ. ಎರಡರ ಫೋಟೊ ಬೆರೆಸಿದರೆ ಸೂರ್ಯೋದಯವೇ ಹಿಂದುಮುಂದಾಗುತ್ತದೆ. ಟಿಕೆಟ್‌ನಲ್ಲಿ ನೇಪಾಳದ ಪಂಚಾಂಗವಾದ ವಿಕ್ರಮ ಸಂವತ್‌ನ ವರ್ಷ ಇದ್ದರೆ ಅದು ನಮ್ಮ ಇಸವಿಗಿಂತ 56–57 ವರ್ಷ ಮುಂದಿರುತ್ತದೆ. ಖರ್ಚಿನ ಲೆಕ್ಕಕ್ಕೆ ನೇಪಾಳಿ ರೂಪಾಯಿಯನ್ನು 1.6ರಿಂದ ಭಾಗಿಸಿ. ಥರ್ಮಲ್ ಕಾಗದದ ರಸೀದಿ ಬಿಸಿಗೆ ಮಾಸುತ್ತದೆ, ಮೊದಲೇ ಫೋಟೊ ತೆಗೆದಿಡಿ.

ಬರೆಯುವಾಗ ‘ಅದ್ಭುತ’ ಎಂಬ ಪದ ಬಿಟ್ಟು ಅಳತೆ ಕೊಡಿ. ಸಮುದ್ರಮಟ್ಟದಿಂದ ಘೋರೆಪಾನಿ ಬಳಿಯ ಪೂನ್ ಹಿಲ್ ಬೆಟ್ಟ 3,210 ಮೀಟರ್, ಅಂದರೆ ಚಾಮುಂಡಿ ಬೆಟ್ಟದ ಸುಮಾರು ಮೂರರಷ್ಟು. ದಾಲ್‌ಭಾತ್ (ಬೇಳೆಸಾರು, ಅನ್ನ) ಎಷ್ಟು ಸಲ ಬಡಿಸಿದರು, ದಾರಿಯ ಹಳ್ಳಿ ಉಲ್ಲೇರಿಯ ಕಲ್ಲುಮೆಟ್ಟಿಲಲ್ಲಿ ಎಲ್ಲಿ ಮಂಡಿ ಸೋತಿತು, ಅಲ್ಲಿ ನೀರು ಕೊಟ್ಟವರು ಏನಂದರು: ನಾಡು ಕಣ್ಣೆದುರು ಬರುವುದು ಇಂಥವುಗಳಿಂದಲೇ. ಹೆಸರು ತಿಳಿಯದ ಹೂವು, ಹಕ್ಕಿ, ಹಬ್ಬಗಳಿಗಾಗಿ ಕೊನೆಗೊಂದು ಪುಟ ಖಾಲಿ ಬಿಡಿ.