ಇನ್ಶೂರೆನ್ಸ್ ಕಂಪನಿಯ ಕೋಚು, ನನ್ನ ಶುಗರ್ ನೋಟ್‌ಬುಕ್ಕು

ಗಂಗಾವತಿಯಲ್ಲಿ ನಂದು ಬೀಜ-ಗೊಬ್ಬರದ ಅಂಗಡಿ. ಶುಗರ್ ಇದೆ, ಜೊತೆಗೆ ಬಿಪಿ. ಆರೋಗ್ಯ ವಿಮೆಯ ಪಾಲಿಸಿ ಮಾಡಿಸುವಾಗಲೇ ಎರಡನ್ನೂ ಫಾರ್ಮಿನಲ್ಲಿ ಬರೆಸಿದ್ದೆ. ಆಮೇಲೊಂದು ದಿನ ಕಂಪನಿಯಿಂದ ಫೋನ್ ಬಂತು. "ಸರ್, ನಿಮಗೊಬ್ಬರು ಹೆಲ್ತ್ ಕೋಚ್ ಕೊಡ್ತೀವಿ, ದುಡ್ಡೇನೂ ಇಲ್ಲ" ಅಂದರು. ಪುಕ್ಕಟೆ ಅಂದ ಕೂಡಲೇ ಅನುಮಾನ ಬರುತ್ತದಲ್ವಾ? ಫೋನ್ ಇಟ್ಟು, ಪಾಲಿಸಿ ಕಾಗದದ ಮೇಲಿದ್ದ ನಂಬರಿಗೆ ನಾನೇ ಮಾಡಿ ಕೇಳಿದೆ. ನಿಜಾನೇ ಆಗಿತ್ತು. ನೀವೂ ಹಾಗೇ ಮಾಡಿ. ಒಟಿಪಿ, ಬ್ಯಾಂಕ್ ವಿವರ ಕೇಳಿದರೆ ಅವರು ಕೋಚ್ ಅಲ್ಲ.

ಕಂಪನಿಗೆ ಇದರಲ್ಲಿ ಏನು ಲಾಭ ಅಂದರೆ, ನನ್ನ ಕಿಡ್ನಿ ಕೆಟ್ಟರೆ, ಕಾಲಿನ ಗಾಯ ಮಾಯದೆ ಅಡ್ಮಿಟ್ ಆದರೆ ಲಕ್ಷಗಟ್ಟಲೆ ಬಿಲ್ ಅವರೇ ಕಟ್ಟಬೇಕು. ಅದಕ್ಕಿಂತ ತಿಂಗಳಿಗೊಂದು ಫೋನ್ ಅಗ್ಗ. ಇಂಥ ವೆಲ್‌ನೆಸ್ ಸೌಲಭ್ಯ ಹೇಗೆ ಕೊಡಬೇಕು ಅಂತ ವಿಮಾ ಕಂಪನಿಗಳ ಮೇಲೆ ನಿಗಾ ಇಡುವ ಐಆರ್‌ಡಿಎಐ 2020ರಲ್ಲೇ ಮಾರ್ಗಸೂಚಿ ಕೊಟ್ಟಿತ್ತು. ಅವರ ಲೆಕ್ಕ ಅವರದು, ನನಗೆ ನನ್ನ ಕಾಲು ಮುಖ್ಯ.

ಮೊದಲು ಬಂದ ಕೋಚ್ ಮಾತಾಡಿದ್ದು ಹಿಂದಿಯಲ್ಲಿ. ಕನ್ನಡದವರು ಬೇಕು ಅಂತ ಹಟ ಹಿಡಿದೆ, ಕೊಟ್ಟರು. ಕೇಳಿದರೆ ಕೊಡುತ್ತಾರೆ, ಸುಮ್ನೆ ಹೂಂ ಹೂಂ ಅನ್ನಬೇಡಿ. ಭಾಷೆ ಏನೋ ಸರಿಹೋಯಿತು, ಆದರೆ ಕಂಪನಿಯ ಆ್ಯಪಿನಲ್ಲಿ ಬಂದ ಊಟದ ಪಟ್ಟಿ ಮಾತ್ರ ಬೇರೆ ಯಾವುದೋ ಊರಿಂದು. ಓಟ್ಸ್, ಬ್ರೌನ್ ಬ್ರೆಡ್, ಬ್ರೊಕೊಲಿ! ಭತ್ತದ ಕಣಜದಲ್ಲಿ ಕೂತು ಬ್ರೊಕೊಲಿ ಎಲ್ಲಿ ಹುಡುಕಲಿ? "ಮೇಡಂ, ನಮ್ಮನೇಲಿ ಇರೋದು ಸೋನಾ ಮಸೂರಿ, ಜೋಳದ ರೊಟ್ಟಿ, ಪುಂಡಿಪಲ್ಯ, ಹೆಸರುಕಾಳು, ಶೇಂಗಾ ಚಟ್ನಿ, ಮೊಸರು. ಇದರಲ್ಲೇ ಹೇಳ್ರಿ" ಅಂದೆ. ಆಗ ಆಕೆ ಹೇಳಿದ್ದು ಒಂದೇ ಮಾತು: "ನಾನು ಹೇಳೋದಕ್ಕಿಂತ ನಿಮ್ಮ ಶುಗರ್ ಮೀಟರ್ ಹೇಳಲಿ ಸರ್."

ನನಗೆ ಈ ಇಡೀ ಕಾರ್ಯಕ್ರಮದಲ್ಲಿ ಉಪಯೋಗ ಆದದ್ದು ಇದು. ಊಟಕ್ಕೆ ಮುಂಚೆ ಒಂದು ಸಲ, ಮೊದಲ ತುತ್ತಿನಿಂದ ಎರಡು ತಾಸಿಗೆ ಇನ್ನೊಂದು ಸಲ ನೋಡಬೇಕು, ಪಕ್ಕದಲ್ಲಿ ಏನು ತಿಂದೆ ಅಂತ ಬರೆಯಬೇಕು. ನಾನು ಬರೀ ಬೆಳಗಿನ ಖಾಲಿ ಹೊಟ್ಟೆಯ ಶುಗರ್ ನೋಡಿ 120 ಇದೆ, ಏನೂ ಚಿಂತೆ ಇಲ್ಲ ಅಂತಿದ್ದವನು. ಮಧ್ಯಾಹ್ನ ತಟ್ಟೆ ತುಂಬ ಅನ್ನ-ಸಾರು ಉಂಡು ನೋಡಿದರೆ 248! ಮರುದಿನ ಅದೇ ಹೊತ್ತಿಗೆ ಎರಡು ತೆಳ್ಳನೆ ರೊಟ್ಟಿ, ಜಾಸ್ತಿ ಪುಂಡಿಪಲ್ಯ, ಹೆಸರುಕಾಳು, ಕೊನೆಗೆ ಒಂದು ಹಿಡಿ ಮೊಸರನ್ನ. 171 ಬಂತು. ಊಟ ಶುರುವಾಗಿ ಎರಡು ತಾಸಿಗೆ 180ರ ಒಳಗಿದ್ದರೆ ಸಾಮಾನ್ಯವಾಗಿ ಅಡ್ಡಿಯಿಲ್ಲ ಅನ್ನುತ್ತಾರೆ. ಹಾಗಂತ ಜೋಳದ ರೊಟ್ಟಿ ಔಷಧಿ ಏನಲ್ಲ. ಶುಗರ್‌ಗೆ ರೊಟ್ಟಿ ಒಳ್ಳೇದು ಅಂತ ನಾಲ್ಕು ತಿಂದು ನೋಡಿದೆ, ಮೀಟರ್ ಅನ್ನದ ಹತ್ತಿರವೇ ಹೋಯಿತು.

ಅಂಗಡಿಯ ಚಹಾ ಇನ್ನೊಂದು ಕಥೆ. ರೈತರು ಬಂದರೆ "ಸಾವುಕಾರ್ರ, ಚಾ ಕುಡೀರಿ" ಅಂತಾರೆ, ಬೇಡ ಅಂದರೆ ಮುಖ ಸಣ್ಣಗಾಗುತ್ತದೆ. ಮುಂಗಾರಿನ ಸೀಸನ್ನಿನಲ್ಲಿ ಅದು ಎಷ್ಟು ಕಪ್ ಅಂತ ಲೆಕ್ಕ ಇಡೋಕೂ ಆಗಲ್ಲ. ಹೋಟೆಲ್ ಹುಡುಗನಿಗೇ ಹೇಳಿಟ್ಟೆ: ನನ್ನದು ಯಾವಾಗಲೂ ಅರ್ಧ ಕಪ್, ಸಕ್ಕರೆ ಇಲ್ಲ. ಈಗ ಹೇಳುವುದೂ ಬೇಡ, ಹಾಗೇ ತರುತ್ತಾನೆ. ಪಟ್ಟಿಯಿಂದ ಬ್ರೊಕೊಲಿ ತೆಗೆಸಿದ್ದಕ್ಕಿಂತ ಇದರಿಂದ ಆದ ಲಾಭ ಜಾಸ್ತಿ ಅಂತ ನನ್ನ ನಂಬಿಕೆ.

ನಮ್ಮ ಬಿಸಿಲಿನ ಬಗ್ಗೆ ಆ್ಯಪಿಗೆ ಏನೂ ಗೊತ್ತಿಲ್ಲ. ಏಪ್ರಿಲ್ ಮಧ್ಯಾಹ್ನ ಎರಡಕ್ಕೆ "ಎದ್ದು ನಡೆಯಿರಿ" ಅಂತ ಮೆಸೇಜ್ ಬರುತ್ತದೆ. ನಾನು ರಾತ್ರಿ ಉಂಡ ಮೇಲೆ ಓಣಿಯಲ್ಲೇ ಅಡ್ಡಾಡುತ್ತೇನೆ. ಮೀಟರಿಗೆ ಹಾಕುವ ಸ್ಟ್ರಿಪ್ ಡಬ್ಬಿಯನ್ನೂ ಬಿಸಿಲಿಂದ ಕಾಪಾಡಬೇಕು. 30 ಡಿಗ್ರಿ ಒಳಗೆ ಇಡಿ ಅಂತ ನನ್ನ ಡಬ್ಬಿ ಮೇಲೆಯೇ ಬರೆದಿದೆ, ಕಾರಿನಲ್ಲಿ, ತಗಡಿನ ಶೀಟಿನ ಕೆಳಗೆ ಬಿಟ್ಟರೆ ರೀಡಿಂಗ್ ನಂಬೋ ಹಾಗಿಲ್ಲ. ಮುಚ್ಚಳ ಗಟ್ಟಿ ಹಾಕಿ, ಮನೆಯ ತಂಪಾದ ಕೋಣೆಯಲ್ಲಿಡಿ. ಇನ್ನು ಮೊಬೈಲು ಎಣಿಸಿದ ಹೆಜ್ಜೆಗೆ ಕಂಪನಿಯವರು ರಿಯಾಯಿತಿಯ ಪಾಯಿಂಟ್ ಕೊಡುತ್ತಾರಲ್ಲ, ನನ್ನ ಗೆಳೆಯನೊಬ್ಬ ಮೊಬೈಲನ್ನು ಕ್ರಿಕೆಟ್ ಆಡುವ ಮಗನ ಜೇಬಿಗೆ ಹಾಕಿ ಕಳಿಸುತ್ತಾನೆ. ಪಾಯಿಂಟ್ ಅಪ್ಪನಿಗೆ, ಆರೋಗ್ಯ ಮಗನಿಗೆ!

ಎಲ್ಲಾ ಸಲೀಸಾಗಿ ನಡೆಯಿತು ಅಂತಲ್ಲ. ಉಚಿತ ಟೆಸ್ಟ್ ಇದೆ, ಮನೆಗೇ ಬಂದು ರಕ್ತ ತಗೋತೀವಿ ಅಂದರು. ಬುಕ್ ಮಾಡಿದರೆ "ನಿಮ್ಮ ಪಿನ್‌ಕೋಡಿಗೆ ಸೇವೆ ಇಲ್ಲ". ಜಗಳ ಮಾಡಿದ ಮೇಲೆ ಹೊಸಪೇಟೆಯ ಒಂದು ಲ್ಯಾಬ್ ತೋರಿಸಿದರು. ಎಚ್‌ಬಿಎ1ಸಿಗೆ ಉಪವಾಸ ಇರಬೇಕಿಲ್ಲ, ಅದಕ್ಕೆ ವ್ಯಾಪಾರದ ಕೆಲಸಕ್ಕೆ ಹೋದಾಗಲೇ ಮುಗಿಸುತ್ತೇನೆ. ಹಿಂದಿನ ಎರಡು-ಮೂರು ತಿಂಗಳ ಶುಗರ್ ಸರಾಸರಿ ಅದರಲ್ಲಿ ಗೊತ್ತಾಗುತ್ತದೆ. ರಕ್ತಹೀನತೆ ಇದ್ದವರಿಗೆ ಮಾತ್ರ ಆ ಸಂಖ್ಯೆ ಏರುಪೇರಾಗಬಹುದು, ಡಾಕ್ಟರಿಗೆ ಮೊದಲೇ ಹೇಳಿ. ಕಣ್ಣಿನ ರೆಟಿನಾ, ಮೂತ್ರದಲ್ಲಿ ಪ್ರೋಟೀನ್ ಟೆಸ್ಟ್ ನನ್ನ ಪ್ಯಾಕೇಜಿನಲ್ಲಿ ಇರಲಿಲ್ಲ. ವರ್ಷಕ್ಕೊಮ್ಮೆ ಕೈಯಿಂದಲೇ ಹಾಕಿ ಮಾಡಿಸುತ್ತೇನೆ.

ಮಾತ್ರೆ ಜಾಸ್ತಿ-ಕಮ್ಮಿ ಮಾಡೋದು ಕೋಚ್ ಕೆಲಸ ಅಲ್ಲ. ನಮ್ಮ ಕೋಚ್ ಅದಕ್ಕೆ ಕೈ ಹಾಕಲೂ ಇಲ್ಲ, "ನೋಟ್‌ಬುಕ್ ತಗೊಂಡು ಡಾಕ್ಟರ್ ಹತ್ರ ಹೋಗಿ" ಅಂದರು. ಡಾಕ್ಟರು ಎರಡು ಪುಟ ತಿರುವಿ, ಊಟದ ನಂತರದ ಸಂಖ್ಯೆ ಮೇಲೆ ಬೆರಳಿಟ್ಟು ಮಾತ್ರೆ ಬದಲಿಸಿದರು. ಹೊಸ ಮಾತ್ರೆ ಶುರುವಾದ ಮೇಲೆ ಒಂದು ಸಂಜೆ ಕೈ ನಡುಗಿ ಬೆವರು ಬಂತು, ನೋಡಿದರೆ 64. 70ರ ಕೆಳಗೆ ಇಳಿದರೆ ಮೂರು ಚಮಚ ಸಕ್ಕರೆ ನೀರಲ್ಲಿ ಕದಡಿ ಕುಡಿದು, 15 ನಿಮಿಷ ಬಿಟ್ಟು ಮತ್ತೆ ನೋಡಬೇಕು ಅಂತ ಕೋಚ್ ಮನೆಯವಳಿಗೂ ಹೇಳಿಕೊಟ್ಟಿದ್ದರು. ಅವಳೇ ಕದಡಿ ಕೊಟ್ಟಳು. ಮರುದಿನವೇ ಡಾಕ್ಟರಿಗೆ ತಿಳಿಸಿದೆ.

ನಮ್ಮ ಅಂಕಿಯೆಲ್ಲ ಕಂಪನಿಗೆ ಗೊತ್ತಾದರೆ ಪ್ರೀಮಿಯಂ ಏರಿಸುತ್ತಾರಾ ಅಂತ ಬಹಳ ಜನ ಕೇಳುತ್ತಾರೆ. ಪಾಲಿಸಿ ಮೊತ್ತ ಹೆಚ್ಚಿಸದೆ ನವೀಕರಿಸಿದರೆ ನಿಮ್ಮ ಆರೋಗ್ಯವನ್ನು ಹೊಸದಾಗಿ ತೂಗಿ ನೋಡುವಂತಿಲ್ಲ ಅಂತ ಐಆರ್‌ಡಿಎಐ ನಿಯಮ ಇದೆ. ವಯಸ್ಸಿಗೆ ತಕ್ಕಂತೆ, ಇಡೀ ಪ್ಲಾನಿಗೇ ದರ ಏರಿದರೆ ಅದು ಬೇರೆ ಮಾತು. ನನಗೆ ಪಾಯಿಂಟಿನಿಂದ ಸಿಕ್ಕ ರಿಯಾಯಿತಿ ಸ್ಟ್ರಿಪ್ ಖರ್ಚಿಗೂ ಸಾಲಲಿಲ್ಲ. ಪಾಲಿಸಿಯೇ ಇಲ್ಲದವರು ತಾಲ್ಲೂಕು ಆಸ್ಪತ್ರೆಯ ಎನ್‌ಸಿಡಿ (ಅಂಟದ ಕಾಯಿಲೆಗಳ) ಕ್ಲಿನಿಕ್ಕಿಗೆ ಹೋಗಿ, ಶುಗರ್-ಬಿಪಿ ಪುಕ್ಕಟೆ ನೋಡುತ್ತಾರೆ. ನೋಟ್‌ಬುಕ್ ಅಂತೂ ಯಾರು ಬೇಕಾದರೂ ಇಡಬಹುದು.

ಈಗ ಆ ಕೋಚ್ ಬದಲಾಗಿದ್ದಾರೆ. ಹೊಸಬರು ಫೋನ್ ಮಾಡಿ ಮೊದಲಿಂದ ಎಲ್ಲಾ ಕೇಳೋಕೆ ಶುರು ಮಾಡಿದರು. ನೋಟ್‌ಬುಕ್ಕಿನ ಫೋಟೊ ಕಳಿಸಿ, ಓದಿಕೊಂಡು ಫೋನ್ ಮಾಡ್ರಿ ಅಂದಿದ್ದೇನೆ.